ಅಕ್ಕಿ ಬಂದಿದೆ, ಬೇಯಿಸಲು ನೀರೆಲ್ಲಿ?

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೂ ಬೇಸಿಗೆ ಕಾಲಿಟ್ಟೊಡನೆ ಎಷ್ಟೋ ಹಳ್ಳಿಗಳ ತಾಯಂದಿರು ಕೊಡ ಹಿಡಿದು ದೂರದ ಬಾವಿಯತ್ತ ನಡೆಯುತ್ತಾರೆ. ಶರಾವತಿ, ಅಘನಾಶಿನಿ ನದಿಗಳು ಕಡಲು ಸೇರುವ ಅಳಿವೆಯ ಆಸುಪಾಸಿನಲ್ಲಂತೂ ಬಾವಿಯಲ್ಲಿ ನೀರಿದ್ದರೂ ಅದು ನಾಲಗೆಗೆ ಉಪ್ಪು.

ಈ ನೀರಿಗೂ ಶಾಲಾ ಮಕ್ಕಳ ಅನ್ನಕ್ಕೂ ಬಿಡಿಸಲಾಗದ ನಂಟಿದೆ. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರದ ಯೋಜನೆ ಆರಂಭವಾದಾಗ ಅನೇಕ ರಾಜ್ಯಗಳಲ್ಲಿ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಹಂಚಿ ಕೈತೊಳೆದುಕೊಳ್ಳಲಾಗುತ್ತಿತ್ತು. ಆ ಧಾನ್ಯ ಮನೆಯ ಮಡಕೆ ಸೇರುತ್ತಿತ್ತು; ಮಗುವಿನ ಬಟ್ಟಲಿಗೆ ಬಂದದ್ದೆಷ್ಟೆಂದು ಹೇಳಬಲ್ಲವರಿರಲಿಲ್ಲ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ನೀಡಬೇಕೆಂದು ಆಜ್ಞಾಪಿಸಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ತೊಡಗಿದ ಅಕ್ಷರ ದಾಸೋಹ ಮರುವರ್ಷ ಇತರ ಜಿಲ್ಲೆಗಳಿಗೂ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯದ ಹಾಲೂ ಸೇರಿತು.

ಆದರೆ ಅಕ್ಕಿ ಬೇಯಿಸಲು, ಹಾಲಿನ ಪುಡಿ ಕದಡಲು, ತಟ್ಟೆ ತೊಳೆಯಲು ನೀರು ಬೇಕಷ್ಟೆ? ಅಕ್ಕಿಯನ್ನು ಲಾರಿಯಲ್ಲಿ ಕಳುಹಿಸಬಹುದು. ನೀರು ಊರಿನ ನೆಲದಿಂದಲೇ ಬರಬೇಕು. 2019ರ ಜಲಜೀವನ ಯೋಜನೆ ತಲೆಗೆ ದಿನಕ್ಕೆ 55 ಲೀಟರ್ ನೀರಿನ ಗುರಿಯಿಟ್ಟಿತು. ಮೂಲವೇ ಬತ್ತಿದರೆ ನಲ್ಲಿ ಏನು ಮಾಡೀತು?

ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಪಂಪು ಹಚ್ಚಿ ಮೇಲಿನದನ್ನು ಮಿತಿಮೀರಿ ಎತ್ತಿದರೆ ಕೆಳಗಿನದು ಏರಿಬರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಹೋಗದು. ಅಂದರೆ ನಮ್ಮ ತೋಟದ ಪಂಪು ನೆರೆಯ ಶಾಲೆಯ ಬಾವಿಯನ್ನು ಕೆಡಿಸಬಲ್ಲದು! ಇದು ಕೇವಲ ಭೂಗರ್ಭದ ಸಂಗತಿಯಲ್ಲ, ಅಂತಃಕರಣದ ಪ್ರಶ್ನೆ.

ನಾಲ್ಕನೆಯ ಶತಮಾನದ ಕ್ಷಾಮದಲ್ಲಿ ಹಸಿದವರಿಗೆ ಉಣಬಡಿಸಿದ ಸಂತ ಬೆಸಿಲ್‌ರವರು, ನಾವು ಕೂಡಿಟ್ಟ ರೊಟ್ಟಿ ಹಸಿದವನ ಸೊತ್ತೆಂದು ಬೋಧಿಸಿದರು. ಕೊಡುವುದು ಅವರ ದೃಷ್ಟಿಯಲ್ಲಿ ಔದಾರ್ಯವಲ್ಲ, ಋಣ ಸಂದಾಯ. ನೀರಿಗೂ ಈ ಮಾತು ಸಲ್ಲುತ್ತದೆ.

ಬಾಂಧವರೇ, ಮಾಡಿನಿಂದ ಇಳಿಯುವ ಮಳೆನೀರನ್ನು ಹಿತ್ತಲಲ್ಲೇ ಇಂಗಿಸೋಣ. ಬೇಸಿಗೆಯಲ್ಲಿ ಪಂಪಿಗೆ ಮಿತಿ ಹಾಕೋಣ. ಸಿಹಿನೀರಿನ ಬಾವಿಯುಳ್ಳವರು ಶಾಲೆಯ ಅಡುಗೆಯವರಿಗೆ, ಜಾತಿ ಮತ ಕೇಳದೆ, ಬೇಲಿಯ ದಣಪೆ ತೆರೆದಿಡೋಣ. ಚರ್ಚಿನ ಆವರಣದ ಬಾವಿಗಳಿಂದಲೇ, ಅಂದರೆ ಧರ್ಮಗುರುಗಳಾದ ನಮ್ಮಿಂದಲೇ, ಇದು ಆರಂಭವಾಗಲಿ.