ಇಂಜಿನ್ ಹೊಸದು, ಕೊಳವೆ ಹಳೆಯದು

ಸಂಜೆ ನಾಲ್ಕು ಗಂಟೆ. ಶಾಲೆಯ ಗೇಟಿನ ಹೊರಗೆ ಹಳೆಯ ಜಿಪ್ಸಿಯೊಂದು ನಿಂತಿದೆ. ಹಿಂದಿನ ಸೀಟಿನಲ್ಲಿ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡ ಮೂವರು ಮಕ್ಕಳು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಚೆನ್ನಾಗಿಯೇ ತಿರುಗುತ್ತದೆ, ಇಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿನ ವಾಸನೆ ಮೂಗಿಗೆ ಅಡರುತ್ತದೆ. ಆರೇಳು ಪ್ರಯತ್ನಗಳ ಬಳಿಕ ಒಮ್ಮೆಲೇ ಕೆಮ್ಮಿ, ಹಿಂದಿನಿಂದ ಕಪ್ಪು ಹೊಗೆಯ ಮೋಡವೊಂದನ್ನು ಕಾರಿ, ಗಾಡಿ ಹೊರಡುತ್ತದೆ. ಕಾಸರಗೋಡಿನ ಪೂರ್ವದ ಗುಡ್ಡಗಾಡಿನ ಆ ಶಾಲೆಯೆದುರು ಮಳೆಗಾಲದ ಆರಂಭದಿಂದ ವಾರಕ್ಕೆ ಮೂರು ನಾಲ್ಕು ಬಾರಿ ನಡೆಯುತ್ತಿದ್ದ ದೃಶ್ಯವಿದು.

ಗಾಡಿಯ ಯಜಮಾನರು ಅಡಕೆ ಕೃಷಿಕರು. ಮನೆಯಿಂದ ಒಂದು ಕಿಲೋಮೀಟರ್ ದೂರದಲ್ಲೇ ಶಾಲೆಯಿದೆ, ಆದರೆ ಅಲ್ಲಿ ಕನ್ನಡ ಮಾಧ್ಯಮವಿಲ್ಲ. ಕನ್ನಡದಲ್ಲಿ ಕಲಿಯಬೇಕಾದರೆ ಒಂಬತ್ತು ಕಿಲೋಮೀಟರ್ ಹೋಗಬೇಕು. ಹೊತ್ತಿಗೆ ಸರಿಯಾದ ಬಸ್ಸಿಲ್ಲ. ಎಂಟನೆಯ ತರಗತಿಯ ಮಗಳನ್ನೂ ನೆರೆಮನೆಯ ಇಬ್ಬರು ಮಕ್ಕಳನ್ನೂ ಅವರು ಈ ಜಿಪ್ಸಿಯಲ್ಲೇ ಬಿಟ್ಟು ಕರೆತರುತ್ತಿದ್ದರು. ಗಾಡಿ ಹೀಗೆಯೇ ಕೈಕೊಡುತ್ತಿದ್ದರೆ ಮುಂದಿನ ವರ್ಷ ಮಗಳನ್ನು ಹತ್ತಿರದ ಶಾಲೆಗೇ ಸೇರಿಸುವುದೆಂಬ ಮಾತು ಮನೆಯಲ್ಲಿ ಎರಡು ಬಾರಿ ಬಂದುಹೋಗಿತ್ತು. ಮಾಧ್ಯಮದ ಆಯ್ಕೆ ತತ್ತ್ವದ ಮೇಲೆ ನಿಲ್ಲುತ್ತದೆಂದು ವೇದಿಕೆಯಲ್ಲಿ ಹೇಳುವುದು ಸುಲಭ. ಗುಡ್ಡದ ಮನೆಗಳಲ್ಲಿ ಅದು ಅನೇಕ ಬಾರಿ ನಿಂತಿರುವುದು ಒಂದು ಗಾಡಿಯ ಮೇಲೆ.

ಜಿಪ್ಸಿಯ ಚರಿತ್ರೆ ಹೀಗಿದೆ. ಮಾರುತಿ ಸಂಸ್ಥೆಯ ಈ ಗಾಡಿ 1985ರಲ್ಲಿ ಒಂದು ಲೀಟರಿಗೆ ತುಸು ಕಡಿಮೆ ಸಾಮರ್ಥ್ಯದ ಇಂಜಿನಿನೊಡನೆ ಬಂತು. 1996ರ ಹೊತ್ತಿಗೆ 1298 ಸಿ.ಸಿ.ಯ ‘ಜಿಪ್ಸಿ ಕಿಂಗ್’ ಆಯಿತು. 2000ದಲ್ಲಿ ಕಾರ್ಬುರೇಟರನ್ನು ತೊರೆದು ಕಂಪ್ಯೂಟರ್ ನಿಯಂತ್ರಣದ ಇಂಧನ ಸಿಂಪಡಣೆಗೆ, ಮೆಕ್ಯಾನಿಕರ ಬಾಯಲ್ಲಿ ಎಂಪಿಎಫ್‌ಐಗೆ, ಹೊರಳಿತು. ಈ ಕೃಷಿಕರದು 1998ರ ಕಾರ್ಬುರೇಟರ್ ಗಾಡಿ. ಅದರ ಇಂಜಿನ್ ಸವೆದು ಎಣ್ಣೆ ಕುಡಿಯತೊಡಗಿದಾಗ ಗುಜರಿಯಿಂದ ಎಂಪಿಎಫ್‌ಐ ಇಂಜಿನ್ ಒಂದನ್ನು ಕಂಪ್ಯೂಟರ್ ಮತ್ತು ವಯರಿಂಗ್ ಸಹಿತ ತಂದು ಕೂರಿಸಲಾಯಿತು. ಎಳೆತ ಹೆಚ್ಚಿತು. ಅಡಕೆ ಚೀಲ ಹೇರಿಕೊಂಡು ಏರು ಹತ್ತುವಾಗ ಮೊದಲಿನ ಏದುಸಿರಿಲ್ಲ. ಆದರೆ ಎರಡನೆಯ ವಾರದಿಂದಲೇ ಹೊಗೆ, ವಾಸನೆ ಶುರುವಾದವು. ಲೀಟರಿಗೆ ಹನ್ನೊಂದು ಕಿಲೋಮೀಟರ್ ಓಡುತ್ತಿದ್ದದ್ದು ಆರಕ್ಕೆ ಇಳಿಯಿತು.

ಇಂಜಿನ್ ಕೂರಿಸಿದ ಗ್ಯಾರೇಜಿನವರು ತಮಗೆ ತೋಚಿದ್ದನ್ನೆಲ್ಲ ಮಾಡಿದರು. ಮೊದಲು ಪ್ಲಗ್ಗುಗಳನ್ನು ಬದಲಾಯಿಸಿದರು. ಬಳಿಕ ನಾಲ್ಕು ಇಂಜೆಕ್ಟರುಗಳು ಬದಲಾದವು. ಆಮೇಲೆ ಹೊಗೆಕೊಳವೆಯ ಆಮ್ಲಜನಕ ಸಂವೇದಕ, ಕೊನೆಗೆ ಇನ್ನೊಂದು ಗುಜರಿ ಕಂಪ್ಯೂಟರ್. ಪ್ರತಿಯೊಂದು ಬದಲಾವಣೆಯ ನಂತರವೂ ಒಂದೆರಡು ದಿನ ಸುಧಾರಿಸಿದಂತೆ ಅನಿಸುತ್ತಿತ್ತು, ಮತ್ತೆ ಅದೇ ಹಾಡು. 18,000 ರೂಪಾಯಿ ಖರ್ಚಾಯಿತು. ಇದು ದುರುದ್ದೇಶದ ಕೆಲಸವಲ್ಲ. ಹತ್ತಿರದಲ್ಲಿ ಕಂಡವನನ್ನೇ ಹಿಡಿದು ಆರೋಪಿಯಾಗಿಸುವ ಅಭ್ಯಾಸ ಪೊಲೀಸ್ ಠಾಣೆಗಳಿಗಷ್ಟೇ ಸೀಮಿತವಲ್ಲ ಎಂದು ಮಾತ್ರ ಹೇಳಬಹುದು. ಇಂಜೆಕ್ಟರ್ ಪೆಟ್ರೋಲು ಸುರಿಯುವ ಬಾಯಿ. ಪೆಟ್ರೋಲು ಹೆಚ್ಚಾದರೆ ಸಂಶಯ ಅದರ ಮೇಲೆ ಬೀಳುವುದು ಸಹಜ. ಸಂಶಯ ಸಾಕ್ಷ್ಯವಲ್ಲ.

‘ರಿಚ್ ಓಡುವುದು’ ಎಂದು ಗ್ಯಾರೇಜಿನಲ್ಲಿ ಹೇಳುವ ಮಾತಿನ ಅರ್ಥ ಸರಳ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಅದಕ್ಕಿಂತ ಕಡಿಮೆಯಾದರೆ ಅಥವಾ ಪೆಟ್ರೋಲು ಹೆಚ್ಚಾದರೆ ಉರಿಯದೆ ಉಳಿದದ್ದು ಮಸಿಯಾಗಿ, ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಬರುತ್ತದೆ. ಇನ್ನೂ ಮಿತಿಮೀರಿದರೆ ಪ್ಲಗ್ಗಿನ ತುದಿ ಒದ್ದೆಯಾಗಿ ಕಿಡಿ ಹಾರುವುದೇ ನಿಲ್ಲುತ್ತದೆ. ಇದೇ ‘ಫ್ಲಡ್’ ಆಗುವುದು. ಹಾಗಾದಾಗ ಆಕ್ಸಿಲರೇಟರನ್ನು ಪದೇ ಪದೇ ಒತ್ತಬಾರದು. ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಕಾರ್ಬುರೇಟರ್ ಗಾಡಿಯಲ್ಲಿ ಇದರಿಂದ ಗಾಳಿಯ ಬಾಗಿಲು ಪೂರಾ ತೆರೆದುಕೊಳ್ಳುತ್ತದೆ. ಎಂಪಿಎಫ್‌ಐ ಗಾಡಿಗಳಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್ ಆ ಹೊತ್ತಿಗೆ ಪೆಟ್ರೋಲನ್ನು ತಡೆಹಿಡಿಯುತ್ತದೆ.

ಖರ್ಚು ಒಂದು ಕಡೆಯಾದರೆ ಅಪಾಯ ಇನ್ನೊಂದು ಕಡೆ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಸಂಪಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆಯ ಮಟ್ಟ ಏರಿರುತ್ತದೆ, ಮೂಸಿದರೆ ಪೆಟ್ರೋಲಿನ ವಾಸನೆ. ಹೀಗೆ ತೆಳುವಾದ ಎಣ್ಣೆಯಲ್ಲಿ ಓಡಿದ ಇಂಜಿನಿನ ಬೇರಿಂಗುಗಳು ಬಹಳ ದಿನ ಬಾಳುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇಂಥ ಗಾಡಿಯನ್ನು ಚಾಲೂ ಇಡುವುದಂತೂ ಪ್ರಾಣಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಕ್ಕಳು ಕುಳಿತ ಗಾಡಿಯೊಳಗೆ ಹಸಿ ಪೆಟ್ರೋಲಿನ ವಾಸನೆ ಬಂದರೆ ಅವರನ್ನು ಇಳಿಸಿದ ನಂತರವೇ ಉಳಿದ ಮಾತು.

ಕೊನೆಗೆ ಜಿಪ್ಸಿ ಬಂದು ನಿಂತದ್ದು ಮುಳ್ಳೇರಿಯದ ಕಡೆಯ ಹಿರಿಯ ಮೇಸ್ತ್ರಿಯೊಬ್ಬರ ಅಂಗಳದಲ್ಲಿ. ಅವರು ಬೋನೆಟ್ ಎತ್ತಲಿಲ್ಲ. ಮೊದಲು ಕೇಳಿದ್ದು, “ಯಾವಾಗ ಸ್ಟಾರ್ಟ್ ಆಗುವುದಿಲ್ಲ ಮಾರಾಯ್ರೆ, ಯಾವಾಗ ಆಗ್ತದೆ?”

ಯಜಮಾನರು “ಯಾವಾಗ ಅಂತ ಹೇಳುವುದು ಮೇಸ್ತ್ರಿ, ಅದಕ್ಕೆ ಮನಸ್ಸು ಬಂದಾಗ” ಎಂದರು. ಉತ್ತರ ಬಂದದ್ದು ಹಿಂದಿನ ಸೀಟಿನಿಂದ. “ಬೆಳಿಗ್ಗೆ ಯಾವಾಗಲೂ ಆಗ್ತದೆ ಅಜ್ಜ. ಸಂಜೆ ಗಂಟೆ ಹೊಡೆಯುವ ಮೊದಲೇ ಅಪ್ಪ ಬಂದು ಕಾದ ದಿನ ಆಗುವುದಿಲ್ಲ. ಗಂಟೆ ಹೊಡೆದ ಮೇಲೆ ಬಂದು ಕೂಡಲೇ ಹೊರಟರೆ ಆಗ್ತದೆ.” ಹುಡುಗಿ ತನ್ನ ಶಾಲೆಯ ಡೈರಿಯ ಅಂಚಿನಲ್ಲಿ ಮೂರು ವಾರಗಳ ಲೆಕ್ಕ ಬರೆದಿಟ್ಟಿದ್ದಳು. ಮನೆ ಸೇರುವುದು ತಡವಾದ ದಿನಗಳ ಲೆಕ್ಕ ಅದು. ಗಾಡಿಯ ರೋಗನಿದಾನಕ್ಕೆಂದು ಬರೆದದ್ದಲ್ಲ.

ಮೇಸ್ತ್ರಿ ಡೈರಿಯನ್ನು ಎರಡು ಬಾರಿ ನೋಡಿದರು. ರಾತ್ರಿಯಿಡೀ ನಿಂತರೆ ತೊಂದರೆಯಿಲ್ಲ, ನಿಲ್ಲಿಸಿದ ಕೂಡಲೇ ಹೊರಟರೂ ತೊಂದರೆಯಿಲ್ಲ. ಬಿಸಿ ಇಂಜಿನ್ ಹದಿನೈದು ಇಪ್ಪತ್ತು ನಿಮಿಷ ನಿಂತರೆ ಮಾತ್ರ ಮುಳುಗುತ್ತದೆ. ಎಂದರೆ ಗಾಡಿ ನಿಂತಿರುವಾಗಲೂ ಎಲ್ಲಿಂದಲೋ ಪೆಟ್ರೋಲು ಒಳಗೆ ಸೇರುತ್ತಿದೆ. ಓಡುವಾಗಿನ ಕಪ್ಪು ಹೊಗೆಗೆ ಅದೇ ಕಾರಣವೋ ಬೇರೆಯೋ ಎಂಬುದು ಇನ್ನೂ ಬಗೆಹರಿಯಬೇಕಾದ ಪ್ರಶ್ನೆ.

ಅವರು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. ಏರ್ ಫಿಲ್ಟರ್ ಸ್ವಚ್ಛ. ಪ್ಲಗ್ಗುಗಳ ಮೇಲೆ ಒಣ ಕಪ್ಪು ಮಸಿ. ಜಿಡ್ಡಿಲ್ಲ, ಆದ್ದರಿಂದ ಎಣ್ಣೆ ಉರಿಯುತ್ತಿಲ್ಲ. ನಾಲ್ಕೂ ಒಂದೇ ರೀತಿ ಕಪ್ಪಾಗಿವೆ, ಆದ್ದರಿಂದ ಒಂದು ಇಂಜೆಕ್ಟರಿನ ತಪ್ಪಲ್ಲ. ಈ ಸಣ್ಣ ಅವಲೋಕನವನ್ನು ಯಾರಾದರೂ ಮೊದಲೇ ಮಾಡಿದ್ದರೆ ನಾಲ್ಕು ಇಂಜೆಕ್ಟರುಗಳ ಹಣ ಉಳಿಯುತ್ತಿತ್ತು. ನಂತರ ನೀರಿನ ಉಷ್ಣತೆಯನ್ನು ಕಂಪ್ಯೂಟರಿಗೆ ತಿಳಿಸುವ ಸಂವೇದಕ. ಇಂಜಿನ್ ತಣ್ಣಗಿದೆಯೆಂದು ಅದು ಸುಳ್ಳು ಹೇಳಿದರೆ ಕಂಪ್ಯೂಟರ್ ನಂಬಿ ಹೆಚ್ಚು ಪೆಟ್ರೋಲು ಕೊಡುತ್ತಲೇ ಇರುತ್ತದೆ. ಇಂಜಿನ್ ಬದಲಾಯಿಸುವಾಗ “ನಮ್ಮ ಸೆಕೆಗೆ ಇದು ಯಾಕೆ” ಎಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವವರಿದ್ದಾರೆ. ಅಂಥ ಗಾಡಿಯಲ್ಲಿ ಇಂಜಿನ್ ನಿಜವಾಗಿಯೂ ಸರಿಯಾಗಿ ಬಿಸಿಯಾಗದೆ ಇದೇ ರೋಗ ಬರುತ್ತದೆ. ಇಲ್ಲಿ ಥರ್ಮೋಸ್ಟಾಟ್ ಇತ್ತು. ಮೀಟರ್ ಹಿಡಿದಾಗ ಸಂವೇದಕದ ರೋಧ ತಣ್ಣಗಿದ್ದಾಗ ಎರಡು ಸಾವಿರ ಓಮ್‌ಗಿಂತ ಮೇಲೆ, ಬಿಸಿಯಾದಾಗ ಮುನ್ನೂರರ ಆಸುಪಾಸು. ಸಾಕ್ಷಿ ಸತ್ಯವನ್ನೇ ನುಡಿಯುತ್ತಿದೆ. ಒಳಹರಿವಿನ ನಿರ್ವಾತವನ್ನು ಅಳೆಯುವ ಸಂವೇದಕವೂ ಸರಿಯಾಗಿಯೇ ಇತ್ತು.

ಬಳಿಕ ಅವರು ಪೆಟ್ರೋಲ್ ಸಾಲಿಗೆ ಒತ್ತಡದ ಗೇಜು ಜೋಡಿಸಿದರು. ಕಾರ್ಬುರೇಟರಿಗೆ ಪೆಟ್ರೋಲು ಬರುವುದು ಮೆಲ್ಲನೆಯ ಒತ್ತಡದಲ್ಲಿ, ಒಂದು ಬಾರಿನ ಕಾಲುಭಾಗದಷ್ಟು. ಇಂಜೆಕ್ಟರುಗಳಿಗೆ ಎರಡೂವರೆಯಿಂದ ಮೂರು ಬಾರ್ ಬೇಕು. ಪಂಪು ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ತಳ್ಳುತ್ತದೆ. ಒತ್ತಡ ನಿಯಂತ್ರಕವೆಂಬ ಪುಟ್ಟ ಡಬ್ಬಿ ಹೆಚ್ಚಾದದ್ದನ್ನು ರಿಟರ್ನ್ ಕೊಳವೆಯ ಮೂಲಕ ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಗೇಜಿನ ಮುಳ್ಳು ನಾಲ್ಕು ಬಾರ್ ದಾಟಿ ನಿಂತಿತು. ಮೇಸ್ತ್ರಿ ಗಾಡಿಯನ್ನು ಅಂಗಳದ ಬಯಲಿಗೆ ತಳ್ಳಿಸಿ, ಮಗುವನ್ನು ಜಗಲಿಗೆ ಕಳುಹಿಸಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಲ್ಲಿಟ್ಟು, ರಿಟರ್ನ್ ಕೊಳವೆಯನ್ನು ಕಳಚಿ ಅದರ ಬದಲು ದಪ್ಪ ಕೊಳವೆಯೊಂದನ್ನು ಕ್ಯಾನಿಗೆ ಬಿಟ್ಟರು. ಮನೆಯಲ್ಲಿ ಯಾರೂ ಮಾಡಿ ನೋಡಬೇಕಾದ ಕೆಲಸವಲ್ಲ ಇದು. ಮುಳ್ಳು ಎರಡೂವರೆಗೆ ಇಳಿಯಿತು.

ತಪ್ಪು ಇಂಜಿನಿನಲ್ಲಿರಲಿಲ್ಲ. ಇಂಜಿನಿನಿಂದ ಟ್ಯಾಂಕಿಗೆ ಮರಳುವ ದಾರಿ 1998ರದೇ ಆಗಿತ್ತು. ಕಾರ್ಬುರೇಟರ್ ಕಾಲದ ಸಣ್ಣ ಕೊಳವೆ. ಆವಿಯನ್ನೂ ಅಷ್ಟಿಷ್ಟು ಪೆಟ್ರೋಲನ್ನೂ ಹಿಂದಿರುಗಿಸಲು ಅದು ಸಾಕಾಗಿತ್ತು. ಜೊತೆಗೆ ಹೊಸ ಇಂಜಿನಿಗೆ ಬ್ರಾಕೆಟ್ ಬೆಸುಗೆ ಹಾಕುವಾಗ ಚಾಸಿಸ್ಸಿನ ಬಳಿ ಕ್ಲಾಂಪೊಂದು ಅದನ್ನು ಚಪ್ಪಟೆಯಾಗಿಸಿತ್ತು. ಮರಳಲು ದಾರಿಯಿಲ್ಲದ ಪೆಟ್ರೋಲು ಒತ್ತಡವನ್ನು ಏರಿಸಿತು. ಅದೇ ಇಂಜೆಕ್ಟರುಗಳು, ಅಷ್ಟೇ ಹೊತ್ತು ತೆರೆದುಕೊಂಡರೂ, ಹೆಚ್ಚು ಸುರಿದವು. ಅವುಗಳನ್ನು ಹತ್ತು ಬಾರಿ ಬದಲಾಯಿಸಿದರೂ ಫಲ ಅದೇ.

ದಪ್ಪ ಕೊಳವೆ ಹಾಕಿದ ಮೇಲೆ ಹೊಗೆ ನಿಂತಿತು. ಇಲ್ಲಿಗೆ ಪ್ರಕರಣ ಮುಗಿಯಿತೆಂದು ಯಜಮಾನರು ಹಣ ಎಣಿಸತೊಡಗಿದಾಗ ಮೇಸ್ತ್ರಿ ಚಹಾ ತರಿಸಿದರು. “ಇಪ್ಪತ್ತು ನಿಮಿಷ ಕೂತುಕೊಳ್ಳಿ. ಮಗು ಬರೆದದ್ದನ್ನು ನೋಡುವ.” ಇಪ್ಪತ್ತು ನಿಮಿಷದ ಬಳಿಕ ಕೀಲಿ ತಿರುಗಿಸಿದರೆ ಗಾಡಿ ಮತ್ತೆ ಮುಳುಗಿತ್ತು.

ಎರಡನೆಯ ತಪ್ಪು ನಿಯಂತ್ರಕದೊಳಗೇ ಇತ್ತು. ಅದರ ನೆತ್ತಿಯಿಂದ ಒಳಹರಿವಿನ ಕೊಳವೆಗೆ ಹೋಗುವ ತೆಳ್ಳಗಿನ ರಬ್ಬರ್ ನಳಿಕೆಯಲ್ಲಿ ಇರಬೇಕಾದದ್ದು ಗಾಳಿಯ ಎಳೆತ ಮಾತ್ರ. ಕಿತ್ತು ನೋಡಿದಾಗ ಅದು ಪೆಟ್ರೋಲಿನಿಂದ ತೊಯ್ದಿತ್ತು. ಒಳಗಿನ ರಬ್ಬರ್ ಪೊರೆ ಹರಿದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಗಾಡಿ ನಿಲ್ಲಿಸಿದ ಮೇಲೆ ಸಾಲಿನಲ್ಲಿ ಉಳಿದ ಒತ್ತಡ ಆ ಹರುಕಿನಿಂದ ಪೆಟ್ರೋಲನ್ನು ಇಂಜಿನಿನ ಬಾಯಿಗೆ ತಳ್ಳುತ್ತಿತ್ತು. ಬಿಸಿಗೆ ಅದು ಆವಿಯಾಗಿ ತುಂಬಿಕೊಳ್ಳುತ್ತಿತ್ತು. ರಾತ್ರಿ ಕಳೆಯುವಷ್ಟರಲ್ಲಿ ಆರಿಹೋಗುತ್ತಿತ್ತು. ಗುಜರಿಯಲ್ಲಿ ವರ್ಷಗಟ್ಟಲೆ ಒಣಗಿದ ರಬ್ಬರಿನ ಪಾಡು ಇದು. ಎಲ್ಲ ರೋಗಕ್ಕೂ ಎಥನಾಲ್ ಬೆರೆತ ಪೆಟ್ರೋಲನ್ನು ದೂರುವುದು ಈಗಿನ ರೂಢಿ. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಅದು ಮಿಶ್ರಣವನ್ನು ತೆಳುವಾಗಿಸುತ್ತದೆಯೇ ಹೊರತು ರಿಚ್ ಮಾಡುವುದಿಲ್ಲ. ಹಳೆಯ ರಬ್ಬರನ್ನು ಬೇಗ ಕೆಡಿಸುತ್ತದೆಂಬ ಆರೋಪ ಮಾತ್ರ ನಿಲ್ಲುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ಕಾರ್ಬುರೇಟರ್ ಉಳಿಸಿಕೊಂಡ ಇಂಜಿನಿಗೆ ಎಂಪಿಎಫ್‌ಐ ಗಾಡಿಯ ವಿದ್ಯುತ್ ಪಂಪು ಜೋಡಿಸಿದರೆ, ಒಳಗಿನ ತೇಲುಗುಂಡು ಸೂಜಿಕವಾಟವನ್ನು ಎಷ್ಟು ಒತ್ತಿ ಹಿಡಿದರೂ ಪೆಟ್ರೋಲು ಮೇಲಿಂದ ಉಕ್ಕುತ್ತದೆ. ನೀಲಗಿರಿಯ ಓದುಗರಿಗೆ ಇನ್ನೊಂದು ಮಾತು: ಮೇಟುಪಾಳ್ಯದಲ್ಲಿ ಹದಮಾಡಿದ ಕಾರ್ಬುರೇಟರ್ 2,200 ಮೀಟರ್ ಎತ್ತರದ ಊಟಿಗೆ ಏರಿದಾಗ ಗಾಳಿ ಐದನೆಯ ಒಂದು ಪಾಲು ತೆಳುವಾಗಿರುತ್ತದೆ. ಅಲ್ಲಿ ರಿಚ್ ಓಡಿದರೆ ಅದು ರೋಗವಲ್ಲ, ಜೆಟ್ ಬದಲಾಯಿಸಿದರೆ ಸರಿಹೋಗುವ ಸಂಗತಿ.

ಜಿಪ್ಸಿಗೆ ನಿಯಂತ್ರಕ, ಕೊಳವೆ, ಹೊಸ ಎಣ್ಣೆ ಮತ್ತು ಫಿಲ್ಟರ್ ಎಲ್ಲ ಸೇರಿ ಆದ ಖರ್ಚು ಮೊದಲಿನ 18,000ದ ಕಾಲುಭಾಗವೂ ಅಲ್ಲ. ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.9 ಬಂತು, ಆ ಕಾಲದ ಪೆಟ್ರೋಲ್ ಕಾರುಗಳಿಗೆ ಮಿತಿ ಶೇಕಡಾ 3.

ಒಂದು ಜೋಡಣೆ ಮಾತ್ರ ಗ್ಯಾರೇಜಿನಲ್ಲಿ ಸರಿಯಾಗುವಂಥದ್ದಲ್ಲ. ಆರ್‌ಸಿ ಪುಸ್ತಕದಲ್ಲಿರುವ ಇಂಜಿನ್ ಸಂಖ್ಯೆ ಈಗ ಗಾಡಿಯಲ್ಲಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಇಂಜಿನ್ ಬದಲಾಯಿಸಿದರೆ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕು. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ, ರಾಜ್ಯದ ನಿಯಮಗಳು ಈ ಕಲಮಿಗೆ ಅಧೀನವೆಂದು ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಅಪಘಾತವಾದ ದಿನ ವಿಮಾ ಸಂಸ್ಥೆಯವರು ಮೊದಲು ಹುಡುಕುವ ಅಂಕೆಗಳಲ್ಲಿ ಇಂಜಿನ್ ಸಂಖ್ಯೆಯೂ ಒಂದು. ಆದ್ದರಿಂದ ಅರ್ಜಿ ಮೊದಲು, ಸ್ಪ್ಯಾನರ್ ಆಮೇಲೆ ಎಂಬುದೇ ಸರಿಯಾದ ಕ್ರಮ. ಈ ಕೃಷಿಕರು, ಬಹುಮಂದಿಯಂತೆ, ಕ್ರಮವನ್ನು ತಿರುವುಮುರುವು ಮಾಡಿದ್ದರು. ಹದಿನಾಲ್ಕು ದಿನಗಳೂ ಕಳೆದುಹೋಗಿದ್ದವು.

ಮೇಸ್ತ್ರಿಯ ಒತ್ತಾಯಕ್ಕೆ ಅವರು ಇಂಜಿನ್ ಕೊಂಡ ರಸೀದಿಯೊಡನೆ ತಡವಾಗಿಯಾದರೂ ಅರ್ಜಿ ಸಲ್ಲಿಸಿದ್ದಾರೆ. ತಪಾಸಣೆಯ ದಿನ ಇನ್ಸ್‌ಪೆಕ್ಟರು ಟಾರ್ಚು ಹಿಡಿದು ಬಗ್ಗಿ ಸಂಖ್ಯೆಯನ್ನು ಬರೆದುಕೊಂಡರು, ಇಂಜಿನ್ ಬಂದ್ ಮಾಡಿಸಿ ಕಾಗದಗಳನ್ನು ನೋಡಲು ಒಳಗೆ ಹೋದರು. ಮರಳಿ ಬರುವಾಗ ಅರ್ಧ ಗಂಟೆ ಕಳೆದಿತ್ತು. “ಸ್ಟಾರ್ಟ್ ಮಾಡಿ” ಎಂದರು. ಮೊದಲ ತಿರುವಿಗೇ ಹೊತ್ತಿಕೊಂಡಿತು. ಅರ್ಜಿಯ ತೀರ್ಮಾನ ಇನ್ನೂ ಬಂದಿಲ್ಲ; ಬರುವವರೆಗೆ ಮಕ್ಕಳು ನೆರೆಯವರ ಆಟೋದಲ್ಲಿ ಅದೇ ಶಾಲೆಗೆ ಹೋಗುತ್ತಿದ್ದಾರೆ.