ತಲೆಗೆ 9 ಪೌಂಡ್: ಮಾರ್ಮನ್ ಕೈಗಾಡಿ ಪಯಣದ ಲೆಕ್ಕ

ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಿಂದ ಅಮೆರಿಕದ ಸಾಲ್ಟ್ ಲೇಕ್ ಕಣಿವೆಯವರೆಗೆ ತಲೆಗೆ 9 ಪೌಂಡ್. ವರ್ಷ ತುಂಬದ ಕೂಸಿಗೆ ನಾಲ್ಕೂವರೆ. 1856ರಲ್ಲಿ ಮಾರ್ಮನ್ ಚರ್ಚು ತನ್ನ ಬಡ ಅನುಯಾಯಿಗಳಿಗೆ ಗೊತ್ತುಮಾಡಿದ ದರವಿದು. ವಾರಕ್ಕೆ 10 ಶಿಲಿಂಗ್ ಆಸುಪಾಸು ಸಂಪಾದಿಸುತ್ತಿದ್ದ ಇಂಗ್ಲೆಂಡಿನ ಹೊಲದ ಕೂಲಿಯಾಳಿಗೆ ಇದು 18 ವಾರಗಳ ದುಡಿಮೆ. ಅಷ್ಟೂ ಇಲ್ಲದವರಿಗೆ 1849ರಲ್ಲಿ ಶುರುವಾದ ವಲಸೆ ನಿಧಿ ಸಾಲ ಕೊಡುತ್ತಿತ್ತು. ಊರು ಸೇರಿದ ಮೇಲೆ ದುಡಿದು ತೀರಿಸುತ್ತೇವೆಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು.

1855ರಲ್ಲಿ ಆ ಕಣಿವೆಯಿರುವ ಯೂಟಾದ ಬೆಳೆಯನ್ನು ಮಿಡತೆಯೂ ಬರವೂ ಸೇರಿ ನುಂಗಿದ್ದವು. ಹುಟ್ಟುವಳಿಯ ಹತ್ತರಲ್ಲೊಂದು ಪಾಲನ್ನು ಕಾಣಿಕೆಯಾಗಿ ಪಡೆದು ನಡೆಯುತ್ತಿದ್ದ ಚರ್ಚಿಗೆ ವಲಸಿಗರಿಗೆಲ್ಲ ಎತ್ತು, ಗಾಡಿ ಕೊಡಿಸುವ ಶಕ್ತಿ ಉಳಿದಿರಲಿಲ್ಲ. ಆಗ ಚರ್ಚಿನ ಅಧ್ಯಕ್ಷ ಬ್ರಿಗಮ್ ಯಂಗ್ ಹೂಡಿದ ಉಪಾಯವೇ ಕೈಗಾಡಿ. ರೈಲು ಮುಗಿಯುವ ಅಯೋವಾ ಸಿಟಿಯಿಂದ ಮುಂದಿನ ಸುಮಾರು 2,100 ಕಿ.ಮೀ. ದಾರಿಯನ್ನು ಜನ ತಾವೇ ಗಾಡಿ ಎಳೆದುಕೊಂಡು ನಡೆಯಬೇಕು. ದಿನಕ್ಕೆ 15 ಮೈಲಿ, ಅಂದರೆ 24 ಕಿ.ಮೀ. ನಡೆದರೂ 70 ದಿನ ಸಾಕೆಂಬುದು ಅವನ ಎಣಿಕೆ. ಅಷ್ಟು ದಿನಕ್ಕೆ 24 ಕಿ.ಮೀ.ನಂತೆ ಆಗುವುದು 1,680 ಕಿ.ಮೀ. ಮಾತ್ರ, ಅಯೋವಾ ಸಿಟಿಯಿಂದ ಎಣಿಸಿದರೆ ಸುಮಾರು 420 ಕಿ.ಮೀ. ಇನ್ನೂ ಬಾಕಿ.

ನೂರು ಜನಕ್ಕೆ ಏನೇನು?

- ಕೈಗಾಡಿ: 20 (ಐವರಿಗೆ ಒಂದು)
- ಡೇರೆ: 5 (20 ಜನಕ್ಕೆ ಒಂದು)
- ಸಾಮಾನು ಸಾಗಿಸಲು ಎತ್ತಿನ ಗಾಡಿ: 1, ಮೂರು ಜೋಡಿ ಎತ್ತು
- ಬಟ್ಟೆ, ಹಾಸಿಗೆ: ತಲೆಗೆ ಸುಮಾರು 7.7 ಕಿಲೋ
- ಹಿಟ್ಟು: ಮೊದಲ ಹಂತದಲ್ಲಿ ದೊಡ್ಡವರಿಗೆ ದಿನಕ್ಕೆ 280 ಗ್ರಾಂ, ಆಮೇಲೆ 450 ಗ್ರಾಂ

ಗಾಡಿಗಳನ್ನು ಅವಸರದಲ್ಲಿ ಹಸಿಮರದಿಂದ ಮಾಡಿದ್ದರು. ಬಿಸಿಲಿಗೆ ಮರ ಒಣಗಿ ಸೀಳುಬಿಡುತ್ತಿತ್ತು. ಹಲವು ಗಾಡಿಗಳ ಅಚ್ಚು ಕೂಡ ಮರದ್ದೇ. ದಾರಿಯ ಮರಳು ಅದರೊಳಗೆ ಹೊಕ್ಕು ಅರದಂತೆ ತೇಯುತ್ತಿತ್ತು. ಕೆಲವರು ಹಳೇ ಬೂಟಿನ ಚರ್ಮ ಕತ್ತರಿಸಿ ಅಚ್ಚಿಗೆ ಸುತ್ತಿದರು, ಕೆಲವರು ತಗಡು ಬಡಿದರು. ಕೀಲೆಣ್ಣೆ ಇರಲಿಲ್ಲ. ತಿನ್ನಲು ಸಿಕ್ಕ ಚೂರು ಹಂದಿಮಾಂಸದ ಕೊಬ್ಬನ್ನು, ಸೋಪನ್ನು ಸವರಿ ಗಾಡಿ ಉರುಳಿಸಿದರು.

ಹಿಟ್ಟಿನ ಲೆಕ್ಕ, ತಾರೀಖಿನ ಲೆಕ್ಕ

ಆ ವರ್ಷದ ಮೊದಲ ತಂಡ ಜೂನ್ 9ಕ್ಕೆ ಅಯೋವಾ ಸಿಟಿ ಬಿಟ್ಟು ಸೆಪ್ಟೆಂಬರ್ 26ಕ್ಕೆ ಊರು ಸೇರಿತು. 70 ದಿನವೆಂದಿದ್ದ ದಾರಿಗೆ 109 ದಿನ ಹಿಡಿಯಿತು. ನಾಲ್ಕನೆಯದಾದ ವಿಲ್ಲಿ ತಂಡ ಅಲ್ಲಿಂದ ಹೊರಟದ್ದೇ ಜುಲೈ 15ಕ್ಕೆ. ಮಿಸೌರಿ ನದಿಯ ದಡದ ಫ್ಲಾರೆನ್ಸ್ ದಾಟುವಾಗ ಆಗಸ್ಟ್ ಮಧ್ಯಭಾಗ. ಮುಂದೆ ಇನ್ನೂ 1,660 ಕಿ.ಮೀ. ಯೋಜನೆಯ ವೇಗದಲ್ಲೇ ನಡೆದರೂ 69 ದಿನ ಬೇಕು. ಮುಟ್ಟುವಾಗ ಅಕ್ಟೋಬರ್ ಕೊನೆಯ ವಾರ, ಬೆಟ್ಟಗಳಲ್ಲಿ ಹಿಮ ಬೀಳುವ ಹೊತ್ತು. ದಾರಿ ಕಂಡಿದ್ದ ಲೆವೈ ಸ್ಯಾವೇಜ್ ಆಗಸ್ಟ್ 13ರ ಸಭೆಯಲ್ಲಿ ಇದನ್ನೇ ಹೇಳಿ, ಚಳಿಗಾಲ ಇಲ್ಲೇ ಕಳೆಯೋಣವೆಂದ. ಅವನ ಮಾತು ನಡೆಯಲಿಲ್ಲ; ಆದರೂ ಜನರ ಜೊತೆಗೇ ಹೊರಟ.

ಫ್ಲಾರೆನ್ಸಿನಲ್ಲಿ ಪ್ರತಿ ಗಾಡಿಗೂ 44 ಕಿಲೋ ಹಿಟ್ಟಿನ ಒಂದೊಂದು ಚೀಲ ಹೇರಿದರು. ಐವರಿಗೆ ದಿನಕ್ಕೆ 2.25 ಕಿಲೋ ಅಂದರೆ ಆ ಚೀಲ 20 ದಿನವೂ ಬಾರದು. ಉಳಿದದ್ದು ಎತ್ತಿನ ಗಾಡಿಗಳಲ್ಲಿತ್ತು. ಸೆಪ್ಟೆಂಬರ್ ಮೊದಲ ವಾರ ಕಾಡೆಮ್ಮೆಗಳ ಗದ್ದಲದಲ್ಲಿ ಸುಮಾರು 30 ದನಗಳು ಕೈತಪ್ಪಿದವು. ಎತ್ತು ಸಾಲದೆ ಹೊರೆ ಮತ್ತೆ ಕೈಗಾಡಿಗಳ ಮೇಲೇ ಬಿತ್ತು. ಲಾರಮಿ ಕೋಟೆಯ ನಂತರ ಪಡಿ 450 ಗ್ರಾಮಿನಿಂದ 340ಕ್ಕೆ, ಆಮೇಲೆ ಸರಾಸರಿ 280ಕ್ಕೆ ಇಳಿಯಿತು. ಅಕ್ಟೋಬರ್ 19ರ ಬೆಳಿಗ್ಗೆ ಕೊನೆಯ ಹಿಟ್ಟು ಹಂಚಿದರು. ಹಿಮ ಬಿದ್ದದ್ದೂ ಅವತ್ತೇ.

ಹಿಂದೆ ಬರುತ್ತಿದ್ದ ಮಾರ್ಟಿನ್ ತಂಡದ ಪಾಡು ಇನ್ನೂ ಕಷ್ಟ. ಭಾರ ತಗ್ಗಿಸಲೆಂದು ಅಕ್ಟೋಬರ್ 17ಕ್ಕೆ ಅವರು ತಲೆಗೆ 4.5 ಕಿಲೋ ಮಾತ್ರ ಉಳಿಸಿಕೊಂಡು ಕಂಬಳಿ, ಬಟ್ಟೆ ಸುಟ್ಟಿದ್ದರು. ಎರಡೇ ದಿನಕ್ಕೆ ಹಿಮಗಾಳಿ ಬಡಿಯಿತು.

ಉಳಿತಾಯದ ಬೆಲೆ

ಈ ತಂಡಗಳು ಇನ್ನೂ ದಾರಿಯಲ್ಲಿವೆಯೆಂಬ ಸುದ್ದಿ ಹಿಮಕ್ಕೆ ಮೊದಲೇ ಊರು ಮುಟ್ಟಿತ್ತು. ತಿಳಿದ ಕೂಡಲೇ ಯಂಗ್ ಅಕ್ಟೋಬರ್ 5ರ ಸಭೆಯಲ್ಲಿ ಗಾಡಿ, ಹೇಸರಗತ್ತೆ, 12 ಟನ್ ಹಿಟ್ಟು ಕೇಳಿದ. 7ಕ್ಕೆ ಮೊದಲ ರಕ್ಷಣಾ ತಂಡ ಹೊರಟಿತು. ತಿಂಗಳ ಕೊನೆಗೆ ಸುಮಾರು 250 ಗಾಡಿಗಳು ದಾರಿಯಲ್ಲಿದ್ದವು. ನೆರವು ಬಂದು ಮುಟ್ಟಿದ ಮೇಲೂ ಸಾವು ನಿಲ್ಲಲಿಲ್ಲ. 23ರಂದು ರಾಕಿ ರಿಡ್ಜ್ ಏರು ದಾಟಿದ ವಿಲ್ಲಿ ತಂಡ ಮರುದಿನ 13 ಜನರನ್ನು ಒಂದೇ ಗುಂಡಿಯಲ್ಲಿ ಹೂಳಿತು. ಬಳಿಕ ಅಲ್ಲೇ ಇನ್ನಿಬ್ಬರನ್ನು. ಎರಡೂ ತಂಡಗಳ ಸುಮಾರು 980 ಜನರಲ್ಲಿ ಸತ್ತವರು 200ಕ್ಕೂ ಹೆಚ್ಚು: ಐವರಲ್ಲಿ ಒಬ್ಬರು.

1856ರಿಂದ 1860ರವರೆಗೆ ಒಟ್ಟು 10 ತಂಡಗಳಲ್ಲಿ ಸುಮಾರು 3,000 ಜನ ಕೈಗಾಡಿ ಎಳೆದರು. ಉಳಿದ ಎಂಟು ತಂಡಗಳಲ್ಲಿ ಸಾವು ಇದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ತಪ್ಪನ್ನು ಗಾಡಿಯ ತಲೆಗೇ ಕಟ್ಟುವಂತಿಲ್ಲ. ಹಿಟ್ಟಿನಲ್ಲೂ ದಿನದಲ್ಲೂ ಚೂರೂ ಮಿಗತೆ ಇಡದ ಯೋಜನೆಗೆ ತಡವಾಗಿ ಹೊರಡುವ ಹಟ ಸೇರಿದ್ದೇ ಅನಾಹುತಕ್ಕೆ ಮೂಲ. 1880ರಲ್ಲಿ ಚರ್ಚು ವಲಸೆ ನಿಧಿಯ ಬಾಕಿಯಲ್ಲಿ ಅರ್ಧ, ಸುಮಾರು 8 ಲಕ್ಷ ಡಾಲರ್, ಮನ್ನಾ ಮಾಡಿತು. ಕೈಗಾಡಿಯನ್ನು ಅದಕ್ಕೂ ಮೊದಲೇ ಕೈಬಿಟ್ಟಿತ್ತು: 1861ರಿಂದ ಯೂಟಾದ ಎತ್ತಿನ ಗಾಡಿಗಳೇ ಹಿಟ್ಟು ಹೇರಿಕೊಂಡು ಮಿಸೌರಿ ನದಿಯ ದಡಕ್ಕೆ ಹೋಗಿ ವಲಸಿಗರನ್ನು ಕರೆತರತೊಡಗಿದವು.