ನಾಲ್ಕು ದಿಕ್ಕಿನ ನಾಲ್ಕು ಬೆಟ್ಟಗಳು



ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಹಿಂದಿನವರು ಎಣಿಸಿದ್ದರು. ಆ ಹದಿನೆಂಟರಲ್ಲಿ ಶೈಲವರ್ಣನೆಯೂ ಒಂದು. ನಮ್ಮ ಕಾವ್ಯಗಳ ಬೆಟ್ಟದಲ್ಲಿ ಝರಿಗಳು ಧುಮುಕುತ್ತವೆ, ಬಳ್ಳಿಮನೆಗಳಲ್ಲಿ ಕಿನ್ನರರು ಹಾಡುತ್ತಾರೆ, ಆನೆಗಳು ಮಡುವಿಗಿಳಿದು ನೀರಾಟವಾಡುತ್ತವೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ವರ್ಣನೆಗಳನ್ನೇ ತರಗತಿಯಲ್ಲಿ ವಿವರಿಸಿದವನು ನಾನು. ಹುಟ್ಟಿ ಬೆಳೆದದ್ದು ಮಲೆನಾಡಿನಲ್ಲಿ. ಕೊಡಚಾದ್ರಿಯನ್ನು ಹತ್ತಿಳಿದದ್ದಕ್ಕೆ ಲೆಕ್ಕವಿಟ್ಟಿಲ್ಲ. ಆದುದರಿಂದ ಬೆಟ್ಟವೆಂಬ ಮಾತಿನೊಳಗೆ ನೀರೆಂಬ ಮಾತು ಅಡಗಿಯೇ ಇರುತ್ತದೆಂದು ನಂಬಿದ್ದೆ. ಆ ನಂಬಿಕೆಯನ್ನು ತಿದ್ದಿದ ನಾಲ್ಕು ಬೆಟ್ಟಗಳನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಅಮೆರಿಕ ಸಂಯುಕ್ತ ಸಂಸ್ಥಾನದ ನೈರುತ್ಯದಲ್ಲಿ ಅರಿಜೋನಾ ಎಂಬ ರಾಜ್ಯವಿದೆ. ಅಲ್ಲಿನ ಟೂಸಾನ್ ನಗರದಲ್ಲಿ ನನ್ನ ಮಗಳ ಸಂಸಾರ. 2019ರ ಶರತ್ಕಾಲದಲ್ಲೊಮ್ಮೆ, 2022ರ ಬೇಸಿಗೆಯಲ್ಲೊಮ್ಮೆ ಅಲ್ಲಿ ಕೆಲವು ತಿಂಗಳು ಇದ್ದೆ. ನಗರ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ; ನಮ್ಮ ಮೈಸೂರಿಗಿಂತ ತುಸು ತಗ್ಗು. ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್. ನಮ್ಮ ಆಗುಂಬೆಯ ಆಷಾಢದಲ್ಲಿ ಅಷ್ಟು ಮಳೆ ಒಂದೆರಡು ದಿನದಲ್ಲಿಯೇ ಸುರಿದು ಹೋದದ್ದುಂಟು. ದಿಕ್ಕುಗಳನ್ನು ಹೊತ್ತು ನಿಂತ ದಿಗ್ಗಜಗಳಂತೆ ಈ ನಗರದ ಸುತ್ತ ನಾಲ್ಕು ಪರ್ವತಶ್ರೇಣಿಗಳಿವೆ. ಪಶ್ಚಿಮಕ್ಕೆ ಟೂಸಾನ್ ಬೆಟ್ಟಗಳು, ಉತ್ತರಕ್ಕೆ ಸಾಂತಾ ಕಾತಲೀನಾ, ಪೂರ್ವಕ್ಕೆ ರಿಂಕಾನ್, ದಕ್ಷಿಣಕ್ಕೆ ತುಸು ದೂರದಲ್ಲಿ ಸಾಂತಾ ರೀತಾ. ಬೆಟ್ಟ ಹತ್ತುವುದಕ್ಕೂ ಕಣ್ತುಂಬ ನೋಡುವುದಕ್ಕೂ ಇವುಗಳಲ್ಲಿ ಯಾವುದು ಮೇಲು ಎಂಬುದು ಆ ಊರಿನವರ ಬಗೆಹರಿಯದ ಚರ್ಚೆ.

ಮೊದಲು ಮರುಭೂಮಿ ಎಂಬ ಶಬ್ದವನ್ನು ನೋಡೋಣ. ಅದಕ್ಕೆ ಕನ್ನಡದಲ್ಲಿ ಮರಳುಗಾಡು ಎಂಬ ಚೆಲುವಾದ ಮಾತಿದೆ. ಅದನ್ನು ಕೇಳಿದೊಡನೆ ನಮ್ಮ ಮನಸ್ಸು ಮೊದಲರ್ಧವನ್ನಷ್ಟೇ ಹಿಡಿಯುತ್ತದೆ. ಮರಳಿನ ದಿಬ್ಬ, ಒಂಟೆಯ ಸಾಲು ಕಣ್ಣಿಗೆ ಕಟ್ಟುತ್ತವೆ. ಟೂಸಾನಿನ ಸುತ್ತಲಿನ ಸೊನೋರಾ ಮರುಭೂಮಿಯಲ್ಲಿ ಮರಳು ಕಡಮೆ, ಕಾಡೇ ಹೆಚ್ಚು. ಅದು ಕಳ್ಳಿಯ ಕಾಡು. ಸವಾರೊ ಎಂಬ ಹೆಮ್ಮರದಂಥ ಕಳ್ಳಿ ಹನ್ನೆರಡು ಮೀಟರಿಗೂ ಮೀರಿ ಬೆಳೆಯುತ್ತದೆ; ನೂರೈವತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಮೊದಲ ಹತ್ತು ವರ್ಷಗಳಲ್ಲಿ ಅದು ಬೆಳೆಯುವುದು ಒಂದೆರಡು ಅಂಗುಲ ಮಾತ್ರ. ಪಕ್ಕಕ್ಕೆ ತೋಳು ಮೂಡಬೇಕಾದರೆ ಐವತ್ತು ವರ್ಷವೋ ಎಪ್ಪತ್ತೈದು ವರ್ಷವೋ ಕಳೆಯಬೇಕು. ನನ್ನ ವಯಸ್ಸಿನ ಸವಾರೊ ಅಲ್ಲಿ ಇನ್ನೂ ಹುಡುಗ.

ಇನ್ನು ಪಶ್ಚಿಮದ ಬೆಟ್ಟಗಳು. ಟೂಸಾನ್ ಎಂಬ ಹೆಸರೇ ಆ ನೆಲದ ಮೂಲನಿವಾಸಿಗಳಾದ ಓಧಾಮ್ ಜನರ ಮಾತಿನಿಂದ ಬಂದದ್ದು. 'ಕರಿಯ ಬೆಟ್ಟದ ಬುಡ' ಎಂದು ಅದರ ಅರ್ಥ. ಆ ಕರಿಯ ಗುಡ್ಡ ಈ ಶ್ರೇಣಿಯ ಅಂಚಿನಲ್ಲಿಯೇ ಇದೆ. ಸುಮಾರು ಏಳು ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯ ಅವಶೇಷಗಳಾದ ಇವು ಗರಗಸದ ಹಲ್ಲಿನಂತೆ ಮೊನೆಮೊನೆಯಾಗಿವೆ. ಅತಿ ಎತ್ತರದ ವಾಸನ್ ಶಿಖರ 1,429 ಮೀಟರ್. ನಮ್ಮ ಕೊಡಚಾದ್ರಿ 1,343 ಮೀಟರ್. ನಾಲ್ಕು ಶ್ರೇಣಿಗಳಲ್ಲಿ ಅತ್ಯಂತ ಗಿಡ್ಡದು ಇದೇ. ಹೋಗಿಬರಲು ಹನ್ನೊಂದು ಕಿಲೋಮೀಟರ್ ಎಂದು ನಕ್ಷೆ ಹೇಳಿತು. ಕೊಡಚಾದ್ರಿಯ ಕಾಲುಗಳಿಗೆ ಇದೇನು ಮಹಾ ಎಂದುಕೊಂಡೆ.

2019ರ ಅಕ್ಟೋಬರ್ ಮೊದಲ ವಾರ. ಒಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು, ಇಬ್ಬರಿಗೂ ಸೇರಿ ಒಂದು ಲೀಟರಿನ ಬಾಟಲಿ ಹಿಡಿದು, ಬೆಳಗಿನ ಹತ್ತು ಗಂಟೆಗೆ ಹೊರಟೆ. "ಅಜ್ಜ, ನೀರು ಇಷ್ಟೇನಾ?" ಎಂದು ಹುಡುಗ ಕೇಳಿದ. "ಮೇಲೆ ಎಲ್ಲಾದರೂ ಹಳ್ಳ ಸಿಗ್ತದೆ, ಬಾ" ಎಂದೆ. ಹಳ್ಳವೇನೋ ಸಿಕ್ಕಿತು. ಅದರಲ್ಲಿದ್ದದ್ದು ಮರಳು ಮತ್ತು ಬಂಡೆಗಳು. ಬಂಡೆಯ ಮೇಲೆ ಪ್ರಾಚೀನರು ಕೊರೆದ ಸುರುಳಿಗಳು, ಪ್ರಾಣಿಗಳ ಗೀರುಚಿತ್ರಗಳು. ನೀರು ಮಾತ್ರ ಇಲ್ಲ. ಹನ್ನೊಂದೂವರೆಯ ಹೊತ್ತಿಗೆ ಬಾಟಲಿ ಬರಿದಾಯಿತು. ಸವಾರೊವಿನ ನೆರಳು ಒಂದು ಕಂಬದ ನೆರಳು. ಅದರಲ್ಲಿ ಒಬ್ಬರ ಭುಜ ಮುಚ್ಚಿದರೆ ಇನ್ನೊಬ್ಬರದು ಬಿಸಿಲಿನಲ್ಲಿ. ಅಲ್ಲಿಯ ಶುಷ್ಕವಾದ ಗಾಳಿಯಲ್ಲಿ ಬೆವರು ಮೈಮೇಲೆ ಕಾಣಿಸದೆ ಆರಿಹೋಗುತ್ತದೆ; ಆದಕಾರಣ ದೇಹ ಬತ್ತುತ್ತಿರುವುದು ತಿಳಿಯುವುದೇ ಇಲ್ಲ. ಹುಡುಗ ಮಾತು ನಿಲ್ಲಿಸಿದ. ಮುಖ ಕೆಂಪೇರಿತ್ತು. ತಲೆನೋವು ಎಂದ. ನನಗೆ ಜೀವ ಬಾಯಿಗೆ ಬಂದಿತು.

ಮೇಲಿನಿಂದ ಇಳಿಯುತ್ತಿದ್ದ ಹಿರಿಯ ಹೆಂಗಸೊಬ್ಬರು ನಮ್ಮನ್ನು ಕಂಡು ನಿಂತರು. ಯಾವ ದೇಶ, ಯಾವ ಊರು ಎಂದು ಕೇಳಲಿಲ್ಲ. "ನಿಮ್ಮಲ್ಲಿ ನೀರೆಷ್ಟಿದೆ?" ಎಂಬುದೇ ಅವರ ಮೊದಲ ಮಾತು. ತಮ್ಮಲ್ಲಿದ್ದ ನೀರನ್ನು ಹುಡುಗನಿಗೆ ಗುಟುಕು ಗುಟುಕಾಗಿ ಕುಡಿಸಿ, ಕೊರಳಿಗೆ ಒದ್ದೆಬಟ್ಟೆ ಸುತ್ತಿ, ಬಂಡೆಯ ಮರೆಯಲ್ಲಿ ಅರ್ಧ ಗಂಟೆ ಕೂರಿಸಿ, ನಮ್ಮ ಜೊತೆಯಲ್ಲಿಯೇ ಕೆಳಗಿಳಿದರು. ನನ್ನನ್ನು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ದಿನಕ್ಕೆ ತಲೆಗೆ ನಾಲ್ಕು ಲೀಟರ್, ಅರ್ಧ ನೀರು ಮುಗಿದೊಡನೆ ಶಿಖರ ಕೈಗೆಟಕುವಂತಿದ್ದರೂ ಹಿಂತಿರುಗುವುದು: ಇದು ಅಲ್ಲಿಯ ಚಾರಣಿಗರ ಪಾಠವೆಂದು ಬೀಳ್ಕೊಳ್ಳುವಾಗ ಹೇಳಿದರು.

ಆ ದಿನ ನನಗೆ ಹೊಳೆದದ್ದು ಇಷ್ಟು: ಮರುಭೂಮಿಯ ಬೆಟ್ಟಗಳನ್ನು ಎತ್ತರದಿಂದ ಅಳೆಯಲಾಗದು. ಗಿಡ್ಡ ಬೆಟ್ಟವೇ ಅಲ್ಲಿ ಕಠಿಣ. ಎತ್ತರ ಹೆಚ್ಚಿದಂತೆ ಗಾಳಿ ತಣ್ಣಗಾಗುತ್ತದೆ, ಮೋಡ ತಡೆದು ಮಳೆ ಬೀಳುತ್ತದೆ, ಮಳೆಯಿದ್ದಲ್ಲಿ ಮರ, ಮರವಿದ್ದಲ್ಲಿ ನೆರಳು. ಗಿಡ್ಡ ಬೆಟ್ಟಕ್ಕೆ ಮೋಡವನ್ನು ಹಿಡಿದು ನಿಲ್ಲಿಸುವ ಶಕ್ತಿಯಿಲ್ಲ.

ಇದಕ್ಕೆ ನಿದರ್ಶನ ಉತ್ತರದ ಕಾತಲೀನಾ. ಇದರ ತುದಿಯಾದ ಲೆಮನ್ ಶಿಖರ 2,791 ಮೀಟರ್. ದಕ್ಷಿಣ ಭಾರತದ ಅತ್ಯುನ್ನತ ಶಿಖರವಾದ ಆನೆಮುಡಿಗಿಂತಲೂ ಎತ್ತರ. 1881ರಲ್ಲಿ ಇದನ್ನೇರಿದ ಸಸ್ಯವಿಜ್ಞಾನಿ ಸಾರಾ ಪ್ಲಮರ್ ಲೆಮನ್ ಎಂಬ ಮಹಿಳೆಯ ಹೆಸರೇ ಅದಕ್ಕೆ ನಿಂತಿದೆ. ಓಧಾಮ್ ಜನರಿಗೆ ಈ ಶ್ರೇಣಿ 'ಕಪ್ಪೆ ಬೆಟ್ಟ'. ನಗರದಿಂದ ನೋಡಿದರೆ ನೆರಿಗೆ ಹಿಡಿದ ಬಟ್ಟೆಯಂತೆ ನಯ. ಹತ್ತಿರ ಹೋದರೆ ಗ್ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಯ ಕಡಿದಾದ ಗೋಡೆ. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆ ಅಲ್ಲಿಯೂ ಸುಳ್ಳಾಗಲಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ವಯಸ್ಸಿನಲ್ಲಿ ಮಾತ್ರ ನಮ್ಮದು ಬಹಳ ಹಿರಿಯದು. ಭೂವಿಜ್ಞಾನಿಗಳು ಒಂದು ವಿಸ್ಮಯದ ಸಂಗತಿ ಹೇಳುತ್ತಾರೆ. ಪಶ್ಚಿಮದ ಆ ಗಿಡ್ಡ ಬೆಟ್ಟಗಳ ಶಿಲೆ ಹಿಂದೊಮ್ಮೆ ಈ ಕಾತಲೀನಾದ ನೆತ್ತಿಯ ಮೇಲಿದ್ದಿತಂತೆ. ಎರಡು ಮೂರು ಕೋಟಿ ವರ್ಷಗಳ ಹಿಂದೆ ಭೂಮಿಯ ಹೊರಪದರ ಎಳೆದಂತಾಗಿ, ಮೇಲಿನದು ಜಾರಿ ಪಕ್ಕಕ್ಕೆ ಸರಿದು, ಅಡಿಯಲ್ಲಿದ್ದದ್ದು ಮೇಲೆದ್ದಿತಂತೆ. ನಾವು ಅಕ್ಕಪಕ್ಕದಲ್ಲಿಟ್ಟು ಹೋಲಿಸುವ ಎರಡು ಬೆಟ್ಟಗಳು ಒಂದರ ತಲೆಯ ಮೇಲೊಂದು ಇದ್ದವೆಂದಾಯಿತು.

ಕಾತಲೀನಾದ ನೆತ್ತಿಯ ಸಮೀಪದವರೆಗೆ ಸುಮಾರು ನಲವತ್ತು ಕಿಲೋಮೀಟರ್ ರಸ್ತೆಯಿದೆ. ಒಂದೇ ಗಂಟೆಯ ಪ್ರಯಾಣದಲ್ಲಿ ಕಳ್ಳಿಯ ಕಾಡು ಮುಗಿದು ಹುಲ್ಲು, ಹುಲ್ಲು ಮುಗಿದು ಓಕ್, ಓಕ್ ಮುಗಿದು ಪೈನ್ ಮರಗಳು ಬರುತ್ತವೆ. ಬಯಲಿಗಿಂತ ಹದಿನೈದು ಡಿಗ್ರಿ ತಂಪು, ಡಿಸೆಂಬರಿನಲ್ಲಿ ಹಿಮ. ಮರುಭೂಮಿಯ ಕಡಲಿನಲ್ಲಿ ಎದ್ದು ನಿಂತ ಇಂಥ ಕಾಡುಗಳನ್ನು 'ಆಕಾಶದ್ವೀಪ'ಗಳೆಂದು ಕರೆಯುತ್ತಾರೆ. ಮಂಡಿನೋವಿನ ಮುದುಕನೂ ನೋಡಬಹುದಾದ ಬೆಟ್ಟ ಇದೊಂದೇ. ಆದರೆ ಆ ಸುಖವನ್ನು ಗಳಿಸಿಕೊಟ್ಟವರು ಬೇರೆಯವರು. 1930ರ ದಶಕದಲ್ಲಿ ಆರಂಭವಾಗಿ 1950ರ ಸುಮಾರಿಗೆ ಮುಗಿದ ಆ ರಸ್ತೆಯ ಬಹುಭಾಗವನ್ನು ಕಡಿದವರು ಸೆರೆಮನೆಯ ಕೈದಿಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ಪ್ರಜೆಗಳ ಮೇಲೆ ಹೇರಿದ ನಿರ್ಬಂಧವನ್ನು ಧಿಕ್ಕರಿಸಿದ ಗಾರ್ಡನ್ ಹಿರಬಯಾಶಿ ಅವರೂ ಆ ಶಿಬಿರದಲ್ಲಿ ಸೆರೆಯಲ್ಲಿದ್ದರು. 1987ರಲ್ಲಿ ನ್ಯಾಯಾಲಯ ಅವರ ಮೇಲಿನ ಶಿಕ್ಷಾತೀರ್ಪನ್ನು ತೊಡೆದುಹಾಕಿತು. ಶಿಬಿರವಿದ್ದ ಜಾಗಕ್ಕೆ ಈಗ ಅವರದೇ ಹೆಸರು.

ಪೂರ್ವದ ರಿಂಕಾನಿಗೆ ಇಂಥ ರಸ್ತೆಯಿಲ್ಲ. ರಿಂಕಾನ್ ಎಂದರೆ ಸ್ಪ್ಯಾನಿಷಿನಲ್ಲಿ ಮೂಲೆ. ಅದರ ಮೈಕಾ ಶಿಖರ 2,641 ಮೀಟರ್, ಹೆಚ್ಚುಕಡಮೆ ನಮ್ಮ ದೊಡ್ಡಬೆಟ್ಟದಷ್ಟು. ಬುಡದಲ್ಲಿ ಸವಾರೊಗಳ ನಡುವೆ ಸುತ್ತುವ ಎಂಟು ಮೈಲಿಯ ದಾರಿಯಿದೆ. ಅಲ್ಲಿಂದ ಮೇಲಕ್ಕೆ ಕಾಲ್ನಡಿಗೆ, ಇಲ್ಲವೆ ಕುದುರೆ. ನಾನು ಬುಡದಲ್ಲಿಯೇ ಎರಡು ಬೆಳಗುಗಳನ್ನು ಕಳೆದೆ. ನೋಡಿದ್ದಕ್ಕಿಂತ ನೋಡಲಾಗದ್ದೇ ಹೆಚ್ಚಾಗಿ ಉಳಿದ ಬೆಟ್ಟ ಇದು. ಏಕಾಂತ ಬೇಕೆನ್ನುವವರಿಗೆ ಇದಕ್ಕೆ ಮಿಗಿಲಾದುದಿಲ್ಲ.

ದಕ್ಷಿಣದ ಸಾಂತಾ ರೀತಾದಲ್ಲಿ ಮಾತ್ರ ನನ್ನ ಮಲೆನಾಡಿನ ಮನಸ್ಸಿಗೆ ನೆಮ್ಮದಿ ಸಿಕ್ಕಿತು. ಅಲ್ಲಿನ ಮದೇರಾ ಕಣಿವೆಯಲ್ಲಿ ತೊರೆಯಿದೆ, ಬಿಳಿಯ ತೊಗಟೆಯ ಸಿಕಮೋರ್ ಮರಗಳಿವೆ, ಹಕ್ಕಿಗಳನ್ನು ನೋಡಲು ದೂರದೂರದಿಂದ ಬರುವವರಿದ್ದಾರೆ. ರೈಟ್‌ಸನ್ ಶಿಖರ 2,881 ಮೀಟರ್, ನಾಲ್ಕೂ ಶ್ರೇಣಿಗಳಲ್ಲಿ ಎತ್ತರದ್ದು. ಆದರೆ ನೆರಳೂ ನೀರೂ ಉಂಟೆಂದು ಅದನ್ನು ಸೌಮ್ಯವೆಂದು ತಿಳಿಯುವಂತಿಲ್ಲ. 1958ರ ನವೆಂಬರಿನಲ್ಲಿ ಹಠಾತ್ತನೆ ಎರಗಿದ ಹಿಮಬಿರುಗಾಳಿಗೆ ಸಿಲುಕಿ ಮೂವರು ಸ್ಕೌಟ್ ಬಾಲಕರು ಇಲ್ಲಿ ಅಸುನೀಗಿದರು. ದಾರಿಯ ನಡುವಿನ ಕಣಿವೆಬಾಯಿಯಲ್ಲಿ ಅವರ ಸ್ಮಾರಕವಿದೆ. ಒಂದು ಬೆಟ್ಟದಲ್ಲಿ ನೀರಿಲ್ಲದೆ ಅಪಾಯ, ಇನ್ನೊಂದರಲ್ಲಿ ನೀರು ಹೆಪ್ಪುಗಟ್ಟಿ ಅಪಾಯ.

2022ರಲ್ಲಿ ಮತ್ತೆ ಕಾತಲೀನಾಕ್ಕೆ ಹೋದಾಗ, ಮೊದಲ ಸಲ ನೆರಳಿನಲ್ಲಿ ನಡೆದಿದ್ದ ಜಾಡಿನಲ್ಲಿ ಇದ್ದಲಿನ ಕಂಬಗಳು ನಿಂತಿದ್ದವು. 2020ರ ಜೂನ್ ತಿಂಗಳಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಸುಮಾರು 1,20,000 ಎಕರೆಗಳನ್ನು ಸುಟ್ಟಿತ್ತು. ಕೆಳಗಿನ ಕಳ್ಳಿಯ ಕಾಡಿಗೆ ಇನ್ನೊಂದು ಭಯವಿದೆ. ದನಗಳ ಮೇವಿಗೆಂದು ಹಿಂದೆ ತಂದ ಬಫೆಲ್ ಎಂಬ ಹುಲ್ಲು ಸವಾರೊಗಳ ನಡುವೆ ದಟ್ಟವಾಗಿ ಹಬ್ಬುತ್ತಿದೆ. ಕಳ್ಳಿಗಳ ನಡುವೆ ಬರಿಯ ನೆಲವಿದ್ದುದರಿಂದಲೇ ಬೆಂಕಿ ಹರಡುತ್ತಿರಲಿಲ್ಲ; ಈ ಹುಲ್ಲು ಆ ಬರಿಯ ನೆಲವನ್ನು ತುಂಬಿ ಬೆಂಕಿಗೆ ಸೇತುವೆಯಾಗುತ್ತದೆ. ಸವಾರೊ ಬೆಂಕಿಯನ್ನು ತಾಳಲಾರದು. ಈ ಹುಲ್ಲಿನ ತೌರು ಆಫ್ರಿಕ ಮತ್ತು ನಮ್ಮ ಭಾರತವೂ ಸೇರಿದ ಏಷ್ಯದ ಒಣನಾಡುಗಳು. ಅವರ ಖಂಡದ ಪಾಪಾಸುಕಳ್ಳಿ ನಮ್ಮ ಬಯಲುಸೀಮೆಗೆ ಬಂದಿತು. ನಮ್ಮ ಕಡೆಯ ಹುಲ್ಲು ಅವರ ಕಳ್ಳಿಯನ್ನು ಸುಡಹೊರಟಿದೆ. ಸ್ವಯಂಸೇವಕರು ಗುಂಪುಗೂಡಿ ಗುದ್ದಲಿ ಹಿಡಿದು ಅದನ್ನು ಬೇರುಸಹಿತ ಕೀಳುತ್ತಾರೆ. ಹತ್ತು ವರ್ಷ ಕಾದರೂ ಗೇಣುದ್ದವಾಗದ ಗಿಡವನ್ನು ಉಳಿಸಲು ಬೆವರು ಸುರಿಸುವವರಲ್ಲವೆ ನಿಜವಾದ ಚಾರಣಿಗರು?

ಹಾಗಾದರೆ ನಾಲ್ಕರಲ್ಲಿ ಯಾವುದು ಮೇಲು? ಒಂದೇ ದಿನವಿದ್ದವರಿಗೆ ಕಾತಲೀನಾ. ನೆರಳು, ಹಕ್ಕಿಯ ದನಿ ಬೇಕಾದವರಿಗೆ ಸಾಂತಾ ರೀತಾ. ಗಟ್ಟಿಕಾಲಿನ ಏಕಾಂತಪ್ರಿಯರಿಗೆ ರಿಂಕಾನ್. ಮರುಭೂಮಿಯನ್ನೇ ಕಾಣಬಯಸುವವರಿಗೆ, ಚಳಿಗಾಲದ ಮುಂಜಾವಿನಲ್ಲಿ, ಬೆನ್ನ ಮೇಲೆ ಸಾಕಷ್ಟು ನೀರು ಹೊತ್ತು, ನನ್ನನ್ನು ಸೋಲಿಸಿದ ಆ ಗಿಡ್ಡ ಬೆಟ್ಟ. ನನ್ನ ಒಲವು ಕೊನೆಯದರ ಕಡೆಗೇ.

ಜೂನ್ ಕೊನೆಯಲ್ಲಿ ಸವಾರೊ ಹಣ್ಣಾಗುತ್ತದೆ. ಓಧಾಮ್ ಜನ ಆ ಕೆಂಪು ಹಣ್ಣಿನ ರಸವನ್ನು ಹುದುಗಿಸಿ, ಕುಡಿದು, ಮಳೆಯನ್ನು ಕರೆಯುವ ಆಚರಣೆ ಬಹು ಹಿಂದಿನದು. ಜುಲೈಯಲ್ಲಿ ಮಳೆ ಬರುತ್ತದೆ. ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆಂದು ತಿಳಿದಾಗ ನನಗಾದ ಸಂತೋಷವನ್ನು ಹೇಳಲಾರೆ. 2022ರ ಜುಲೈನ ಒಂದು ಸಂಜೆ ಕಾತಲೀನಾದ ಮೇಲೆ ಮೋಡ ಕವಿದು, ಒದ್ದೆಯಾದ ಕುರುಚಲು ಗಿಡಗಳ ಗಂಧ ಊರನ್ನೆಲ್ಲ ತುಂಬಿತು. ಮನೆಯ ಜಗಲಿಯಲ್ಲಿ ನಿಂತು ನೋಡುತ್ತಿದ್ದೆವು. ಮಳೆ ನಿಂತ ಮೇಲೆ, ನಾಳೆ ಬೆಳಗ್ಗೆ ಬೆಟ್ಟದ ಬುಡದವರೆಗೆ ಹೋಗಿಬರೋಣವೆ ಎಂದೆ. ಹನ್ನೆರಡರ ಮೊಮ್ಮಗ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಒಳಗೆ ಹೋಗಿ ನಾಲ್ಕು ಬಾಟಲಿಗಳನ್ನು ತುಂಬಿಸಿ ತಂದು ಬಾಗಿಲ ಬಳಿ ಸಾಲಾಗಿ ಇಟ್ಟ.